ಪ್ರಶ್ನೋತ್ತರ: ಸಾಕಿದ ಗೌಜಲ ಹಕ್ಕಿಯನ್ನು ಅಂಗಳಕ್ಕೆ ಬಿಡಬಹುದಾ?

ಪ್ರಶ್ನೆ (ಕಟಪಾಡಿ): ಮನೆಯಲ್ಲಿ 6 ಜಪಾನೀ ಕ್ವೇಲ್ (ಸಾಕುವ ಗೌಜಲ ಹಕ್ಕಿ) ಉಂಟು. 1 ಗಂಡು, 5 ಹೆಣ್ಣು, ಮೂರು ತಿಂಗಳ ಪ್ರಾಯ. ಊರಕೋಳಿಗಳನ್ನು ಬೆಳಿಗ್ಗೆ ಬಿಟ್ಟರೆ ಮುಸ್ಸಂಜೆಗೆ ಅವೇ ಬಂದು ಗೂಡು ಸೇರುತ್ತವೆ. ಇವನ್ನೂ ಹಾಗೇ ಬಿಡಬಹುದಾ? ಸುತ್ತ 5 ಅಡಿಯ ಮುರಕಲ್ಲಿನ ಕಂಪೌಂಡ್ ಉಂಟು, ಹಿಂದೆ ಅಡಕೆ ತೋಟ.

ಉತ್ತರ (ಪಶುವೈದ್ಯರು): ಬಿಡಬೇಡಿ. ಕೋಳಿಗೆ ಗೂಡು ಅಂದರೆ ರಾತ್ರಿ ಹತ್ತಿ ಕೂರುವ ಜಾಗ. ಕತ್ತಲಾಗುವ ಮೊದಲು ಅಲ್ಲಿಗೆ ಬರಲೇಬೇಕು ಎಂಬುದು ಅದರ ಸ್ವಭಾವದಲ್ಲೇ ಇದೆ. ಕ್ವೇಲ್ ಹತ್ತಿ ಕೂರುವ ಹಕ್ಕಿಯೇ ಅಲ್ಲ. ಕತ್ತಲಾದಾಗ ಎಲ್ಲಿದೆಯೋ ಅಲ್ಲೇ, ಹುಲ್ಲಿನ ಬುಡದಲ್ಲಿ ಮುದುಡಿ ಕೂರುತ್ತದೆ. ಮರಿಯಿಂದ ಸಾಕಿದ್ದು, ಕೈಯಿಂದಲೇ ತಿನ್ನುತ್ತದೆ ಎಂಬ ಲೆಕ್ಕಾಚಾರ ಇಲ್ಲಿ ನಡೆಯುವುದಿಲ್ಲ. ಅದು ನಿಮಗೆ ಹೆದರದೆ ಇರಬಹುದು, ಆದರೆ ಮನೆಗೆ ದಾರಿ ಹುಡುಕಿ ಬರುವ ಬುದ್ಧಿ ಅದಕ್ಕಿಲ್ಲ.

ಕಂಪೌಂಡ್ ಲೆಕ್ಕಕ್ಕೇ ಇಲ್ಲ. ಬೆಚ್ಚಿಬಿದ್ದ ಕ್ವೇಲ್ ಓಡುವುದಿಲ್ಲ, ನೆಟ್ಟಗೆ ಮೇಲಕ್ಕೆ ಚಿಮ್ಮುತ್ತದೆ. ಕುಕ್ಕರ್ ಸೀಟಿ ಸಾಕು, ಕಾಗೆಯ ನೆರಳು ಸಾಕು. 5 ಅಡಿ ದಾಟಿ ಪಕ್ಕದ ತೋಟದಲ್ಲಿ ಇಳಿದ ಮೇಲೆ ಅದು ಮುಂಗುಸಿ, ಬೆಕ್ಕು, ಕೇರೆ ಹಾವು, ಗಿಡುಗ ಇವುಗಳ ಪಾಲು.

ಪ್ರಶ್ನೆ (ಸುರತ್ಕಲ್): ರೆಕ್ಕೆ ಕತ್ತರಿಸಿದರೆ?

ಉತ್ತರ (ಪಶುವೈದ್ಯರು): ಒಂದು ಬದಿಯ ದೊಡ್ಡ ಗರಿಗಳನ್ನು ಕತ್ತರಿಸಿದರೆ ಹಾರಾಟ ವಾಲುತ್ತದೆ, ಚಿಮ್ಮುವುದು ನಿಲ್ಲುವುದಿಲ್ಲ. ಗರಿ ಉದುರಿ ಹೊಸದು ಬಂದರೆ ಮತ್ತೆ ಮೊದಲಿನಂತೆಯೇ. ಬುಡದಲ್ಲಿ ರಕ್ತ ಹರಿಯುತ್ತಿರುವ ಎಳೆ ಗರಿಗೆ ಕತ್ತರಿ ತಾಗಿದರೆ, ಅಷ್ಟು ಚಿಕ್ಕ ಮೈಯಿಂದ ಹೋಗುವ ರಕ್ತ ಸಣ್ಣದಲ್ಲ. ಇಷ್ಟೆಲ್ಲ ಮಾಡಿದರೂ ಬೆಕ್ಕಿನಿಂದ ತಪ್ಪಿಸಿಕೊಳ್ಳಲು ಇದ್ದ ಒಂದೇ ಉಪಾಯವನ್ನು ಕಿತ್ತುಕೊಂಡಂತೆ. ಹಕ್ಕಿಯನ್ನು ಹೊರಗೆ ಬಿಡುವ ಬದಲು ಗೂಡನ್ನೇ ಹುಲ್ಲಿನ ಮೇಲೆ ಇಡಿ.

ಪ್ರಶ್ನೆ (ಕಟಪಾಡಿ): ಅಂಥ ಗೂಡು ಹೇಗೆ ಮಾಡಿಸುವುದು? ಅಳತೆ ಹೇಳಿ.

ಉತ್ತರ (ಕ್ವೇಲ್ ಸಾಕಣೆದಾರರು, ಬ್ರಹ್ಮಾವರ): 6 ಹಕ್ಕಿಗೆ 6 ಅಡಿ ಉದ್ದ, 3 ಅಡಿ ಅಗಲ, 1 ಅಡಿ ಎತ್ತರ, ತಳ ಬೇಡ. ಚೌಕಟ್ಟಿಗೆ ಮುಕ್ಕಾಲು ಇಂಚಿನ ಪಿವಿಸಿ ಪೈಪ್ ಅಥವಾ ಒಣಗಿದ ಅಡಕೆ ಮರದ ಸೀಳು. ಜಾಲರಿ ಅರ್ಧ ಇಂಚಿನ ವೆಲ್ಡ್ ಮೆಶ್ಶೇ ಆಗಬೇಕು. ಆರು ಮೂಲೆಯ ಕೋಳಿಬಲೆ ಬೇಡ, ಮುಂಗುಸಿ ಅದನ್ನು ಹರಿಯುತ್ತದೆ. 1 ಇಂಚಿನ ಕಣ್ಣಿನಲ್ಲಿ ಇಲಿ ನುಗ್ಗುತ್ತದೆ. ಕಡಲಿನ ಉಪ್ಪುಗಾಳಿಗೆ ಬರೀ ಜಿಐ (ಸತು ಲೇಪದ) ತಂತಿ ಬೆಸುಗೆಯ ಜಾಗದಲ್ಲೇ ಮೊದಲು ತುಕ್ಕು ಹಿಡಿಯುವುದು, ಹಾಗಾಗಿ ಪಿವಿಸಿ ಲೇಪದ್ದು ತೆಗೆದುಕೊಳ್ಳಿ. ಆರು ತಿಂಗಳಿಗೊಮ್ಮೆ ಬೆಸುಗೆಗಳನ್ನು ಕೈಯಿಂದ ಎಳೆದು ನೋಡಿ.

ಬದಿಗೆ 2 ಅಡಿ ಅಗಲದ ಜಾಲರಿ ಪಟ್ಟಿ ತಂದು ಮಧ್ಯದಲ್ಲಿ ಮಡಚಿ. 1 ಅಡಿ ಗೋಡೆಯಾಯಿತು, ಇನ್ನೊಂದು ಅಡಿ ಹೊರಗೆ ನೆಲದ ಮೇಲೆ ಹಾಸಿಕೊಂಡಿರುತ್ತದೆ. ಮಣ್ಣು ಕೆರೆಯುವ ಪ್ರಾಣಿ ಗೋಡೆಯ ಬುಡದಲ್ಲೇ ಕೆರೆಯುತ್ತದೆ. ಅಲ್ಲಿ ಜಾಲರಿ ಸಿಕ್ಕಿದರೆ ಒಂದಡಿ ಹಿಂದೆ ಸರಿದು ಸುರಂಗ ತೋಡುವಷ್ಟು ಯೋಚಿಸುವುದಿಲ್ಲ. ನಮ್ಮ ನೆಲ ಏರುತಗ್ಗು ಅಲ್ಲವಾ, ಹಾಸಿದ ಜಾಲರಿಯ ಮೇಲೆ ನಾಲ್ಕೈದು ಮುರಕಲ್ಲು ಹೇರಿ. 2 ಇಂಚು ಸಂದು ಬಿಟ್ಟರೆ ಹಕ್ಕಿ ಹೊರಗೆ!

ಬಾಗಿಲನ್ನು ಮೇಲ್ಗಡೆ ಇಡಬೇಡಿ. ಮುಚ್ಚಳ ತೆರೆದ ಕೂಡಲೇ ಒಂದಾದರೂ ಚಿಮ್ಮುತ್ತದೆ. ಚಿಕ್ಕ ಬದಿಯಲ್ಲಿ ನೆಲಮಟ್ಟಕ್ಕೆ 8 ಇಂಚಿನ ಜಾರುಬಾಗಿಲು ಮಾಡಿ, ಅದಕ್ಕೆ ತಾಗಿಸಿ ಕೂರಿಸಲು ಅದೇ ಅಳತೆಯ ಬಾಯಿಯ ಪೆಟ್ಟಿಗೆ. ಹಕ್ಕಿಗಳನ್ನು ಮನೆಯೊಳಗಿನ ಗೂಡಿನಿಂದ ಪೆಟ್ಟಿಗೆಗೆ, ಪೆಟ್ಟಿಗೆಯಿಂದ ಹುಲ್ಲಿಗೆ ಬಿಡಿ. ವಾಪಸ್ ತರುವಾಗ ಪೆಟ್ಟಿಗೆಯೊಳಗೆ ತಿನಿಸು ಇಡಿ, ಒಂದು ಡಬ್ಬಿಯಲ್ಲಿ ನಾಲ್ಕು ಕಾಳು ಹಾಕಿ ಅಲ್ಲಾಡಿಸಿ. ಒಂದು ವಾರ ಗೂಡಿನಲ್ಲೇ ತಿನಿಸು ಕೊಡುವಾಗ ಈ ಸದ್ದು ಅಭ್ಯಾಸ ಮಾಡಿಸಿ, ಆಮೇಲೆ ಹೊರಗೆ. ಗೆದ್ದಲು ಸಿಕ್ಕಿದರೆ ಇನ್ನೂ ಬೇಗ ಬರುತ್ತವೆ. ಕೈಯನ್ನು ಮೇಲಿನಿಂದ ಇಳಿಸಿ ಹಿಡಿಯಲು ಹೋಗಬೇಡಿ, ಅವಕ್ಕೆ ಅದು ಗಿಡುಗವೇ.

ಪ್ರಶ್ನೆ (ಮಣಿಪಾಲ): 1 ಅಡಿ ಎತ್ತರ ಹಿಂಸೆ ಅಲ್ಲವಾ? ನಮ್ಮದು ಎರಡೂವರೆ ಅಡಿ, ಮೇಲೆ ತಗಡು. ಆದರೂ ಒಂದರ ನೆತ್ತಿ ಸುಲಿದು ರಕ್ತ ಬಂದಿದೆ.

ಉತ್ತರ (ಪಶುವೈದ್ಯರು): ‘ಆದರೂ’ ಅಲ್ಲ, ಎರಡೂವರೆ ಅಡಿ ಇದ್ದದ್ದರಿಂದಲೇ. ಒಂದಡಿಯಲ್ಲಿ ಹಕ್ಕಿಗೆ ವೇಗ ಬರುವುದಿಲ್ಲ. ಆಳೆತ್ತರ ಮೀರಿದ ಬಲೆಮನೆಯಲ್ಲಿ ಛಾವಣಿ ಮುಟ್ಟುವಷ್ಟರಲ್ಲಿ ವೇಗ ಇಳಿದಿರುತ್ತದೆ. ಇವೆರಡರ ನಡುವಿನ ಎತ್ತರವೇ ನೆತ್ತಿ ಒಡೆಯುವುದು. ಈಗಿರುವ ಗೂಡಿಗೆ 1 ಅಡಿ ಎತ್ತರದಲ್ಲಿ ಹಸಿರು ಶೇಡ್‌ನೆಟ್ಟನ್ನು ಬಿಗಿಯಾಗಿ ಕಟ್ಟಿ, ತಗಡಿಗೆ ತಲೆ ತಾಗುವುದು ತಪ್ಪುತ್ತದೆ. ಗಾಯಕ್ಕೆ ನೀರು ಬೆರೆಸಿ ತಿಳಿಯಾಗಿಸಿದ ಪೊವಿಡೋನ್ ಅಯೋಡಿನ್ ಸಾಕು. ಆದರೆ ವಾಸಿಯಾಗುವ ತನಕ ಆ ಹಕ್ಕಿಯನ್ನು ಬೇರೆಯೇ ಇಡಿ. ಕೆಂಪು ಕಂಡರೆ ಉಳಿದವು ಕುಕ್ಕಿ ಕುಕ್ಕಿ ದೊಡ್ಡದು ಮಾಡುತ್ತವೆ.

ಪ್ರಶ್ನೆ (ಕಾಪು): ದಿನದ ಯಾವ ಹೊತ್ತು ಒಳ್ಳೆಯದು? ನಾವು ಸಂಜೆ 4ಕ್ಕೆ ಹುಲ್ಲಿಗೆ ಇಡುತ್ತೇವೆ. ಮೊಟ್ಟೆ ಕಡಿಮೆಯಾಗಿದೆ.

ಉತ್ತರ (ಕ್ವೇಲ್ ಸಾಕಣೆದಾರರು): ಮೊಟ್ಟೆ ಕಡಿಮೆಯಾಗಿಲ್ಲ, ನಿಮ್ಮ ಹುಲ್ಲಿನಲ್ಲಿದೆ. ಕೋಳಿ ಬೆಳಿಗ್ಗೆ ಇಡುತ್ತದೆ, ಕ್ವೇಲ್ ಹೆಚ್ಚಾಗಿ ಮಧ್ಯಾಹ್ನ ಕಳೆದು ಸಂಜೆಯ ಒಳಗೆ. ಗೂಡುಬುಟ್ಟಿ ಹುಡುಕುವುದಿಲ್ಲ, ನಿಂತಲ್ಲೇ ಹಾಕಿ ಹೋಗುತ್ತದೆ. ಚುಕ್ಕೆಚುಕ್ಕೆಯ 10 ಗ್ರಾಂ ಮೊಟ್ಟೆ ಒಣಹುಲ್ಲಿನಲ್ಲಿ ಬಿದ್ದರೆ ಎದುರಿಗಿದ್ದರೂ ಕಾಣುವುದಿಲ್ಲ. ಅಲ್ಲೇ ಬಿಟ್ಟರೆ ಕೆಂಬೂತ, ಕೇರೆಗಳಿಗೆ ಜಾಗ ಗುರುತಾಗುತ್ತದೆ. ಇಬ್ಬನಿ ಆರಿದ ಮೇಲೆ, 8ರಿಂದ 10ರ ತನಕ ಇಡಿ. ಗೂಡಿನ ಮೂರನೇ ಒಂದು ಭಾಗಕ್ಕೆ ಹೆಣೆದ ತೆಂಗಿನ ಮಡಲು ಹೊದೆಸಿ. ಕೊಕ್ಕು ತೆರೆದು ಏದುಸಿರು ಬಿಟ್ಟರೆ ತಕ್ಷಣ ಒಳಗೆ ತನ್ನಿ.

ಇನ್ನೊಂದು: ಹುಲ್ಲು ತಿಂದು ಹೊಟ್ಟೆ ತುಂಬಿದರೆ ಪ್ರೋಟೀನ್ ಕಡಿಮೆಯಾಗುತ್ತದೆ. ಮೊಟ್ಟೆಯಿಡುವ ಕ್ವೇಲ್‌ಗೆ ಸುಮಾರು ಶೇ. 20 ಪ್ರೋಟೀನ್ ಬೇಕು. ಕೋಳಿಯ ಲೇಯರ್ ತಿನಿಸಿನಲ್ಲಿ ಅಷ್ಟಿರುವುದಿಲ್ಲ. ಬ್ರಾಯ್ಲರ್ ಸ್ಟಾರ್ಟರ್ (ಮಾಂಸದ ಕೋಳಿಮರಿಗಳ ತಿನಿಸು) ಕೊಟ್ಟು, ಪಕ್ಕದಲ್ಲಿ ಬೇರೆ ಬಟ್ಟಲಲ್ಲಿ ಕಪ್ಪೆಚಿಪ್ಪಿನ ಪುಡಿ ಇಡಿ.

ಪ್ರಶ್ನೆ (ಉಳ್ಳಾಲ): ಮಣ್ಣುಸ್ನಾನಕ್ಕೆ ಕಡಲತೀರದ ಮರಳು ಆಗುತ್ತದಾ?

ಉತ್ತರ (ಪಶುವೈದ್ಯರು): ಆಗುವುದಿಲ್ಲ. ಅವು ಹೊರಳುವಾಗ ಕುಕ್ಕಿ ತಿನ್ನುತ್ತವೆ, ಹೆಚ್ಚು ಉಪ್ಪು ಹಕ್ಕಿಗೆ ವಿಷ. ಜರಡಿ ಹಿಡಿದ ಒಣ ಕೆಂಪುಮಣ್ಣು 4 ಪಾಲು, ಬಚ್ಚಲೊಲೆಯ ತಣ್ಣಗಾದ ಕಟ್ಟಿಗೆ ಬೂದಿ 1 ಪಾಲು, 3 ಇಂಚು ಆಳಕ್ಕೆ. ಪ್ಲಾಸ್ಟಿಕ್ ಸುಟ್ಟ ಒಲೆಯ ಬೂದಿ ಬೇಡ. ಒದ್ದೆಯಾದ ಬೂದಿ ಕಾಲನ್ನು ಸುಡುತ್ತದೆ, ನೀರು ಬಿದ್ದರೆ ಎಲ್ಲವನ್ನೂ ಬದಲಿಸಿ.

ಪ್ರಶ್ನೆ (ಕಟಪಾಡಿ): ಗೂಡನ್ನು ಅಡಕೆ ತೋಟದಲ್ಲಿಟ್ಟರೆ ನೆರಳೂ ಸಿಗುತ್ತದೆ. ಊರಕೋಳಿ ಮೇಯುವ ಜಾಗವೇ ಅದು.

ಉತ್ತರ (ಪಶುವೈದ್ಯರು): ಅಲ್ಲಿ ಬೇಡ, ಎರಡು ಕಾರಣ. ಕೊಳೆರೋಗಕ್ಕೆ ಬೋರ್ಡೋ ದ್ರಾವಣ ಹೊಡೆಯುತ್ತೀರಲ್ಲ, 100 ಲೀಟರಿಗೆ 1 ಕಿಲೋ ಮೈಲುತುತ್ತು (ತಾಮ್ರದ ಸಲ್ಫೇಟ್). ಅದು ಗೊನೆಯಿಂದ ತೊಟ್ಟಿಕ್ಕಿ ಹುಲ್ಲಿನ ಮೇಲೆ, ಹೊಂಡದ ನೀರಿನಲ್ಲಿ ನಿಲ್ಲುತ್ತದೆ. 200 ಗ್ರಾಂ ಹಕ್ಕಿಗೆ ಆ ತಾಮ್ರ ತಾಳುವುದಿಲ್ಲ.

ಎರಡನೆಯದು ಕೋಳಿ. ಕೋಳಿ ಮೇಲೆ ನೋಡಲು ಆರೋಗ್ಯವಾಗಿದ್ದರೂ ಅದರ ಹಿಕ್ಕೆಯಿಂದ ಕ್ವೇಲ್‌ಗೆ ಕರುಳು ಹುಣ್ಣಿನ ರೋಗ ಬರಬಹುದು. ಇಂಗ್ಲಿಷಿನಲ್ಲಿ ಅದಕ್ಕೆ ‘ಕ್ವೇಲ್ ಡಿಸೀಸ್’ ಎಂದೇ ಹೆಸರು. ಅದರ ಬ್ಯಾಕ್ಟೀರಿಯಾ ಬೀಜಕಗಳಾಗಿ ಮಣ್ಣಿನಲ್ಲಿ ಬಹುಕಾಲ ಉಳಿಯುತ್ತದೆ. ಮೈತುಂಬಿದ ಹಕ್ಕಿ ಒಂದೇ ದಿನಕ್ಕೆ ಸಾಯುವುದು, ನೀರುನೀರಾದ ಬಿಳಿ ಹಿಕ್ಕೆ, ಗರಿ ಉಬ್ಬಿಸಿ ಕೂರುವುದು ಇದರ ಗುರುತು. ಸತ್ತ ಹಕ್ಕಿಯನ್ನು ಹೂಳುವ ಬದಲು ಐಸ್‌ನಲ್ಲಿಟ್ಟು ಅದೇ ದಿನ ಪಶುಆಸ್ಪತ್ರೆಗೆ ಒಯ್ಯಿರಿ. ಕರುಳು ಕೊಯ್ದು ನೋಡದೆ ಕೊಡುವ ಔಷಧ ಬರೀ ಅಂದಾಜು. ಕೋಳಿ ಕಾಲಿಡದ ಹುಲ್ಲು ಆರಿಸಿ, ಗೂಡನ್ನು ದಿನಾ ಒಂದು ಗೂಡುದ್ದ ಮುಂದಕ್ಕೆ ಸರಿಸಿ.

ಜೂನ್‌ನಿಂದ ಸೆಪ್ಟೆಂಬರ್ ಕಳೆಯುವ ತನಕ ನೆಲಕ್ಕೆ ಇಡಲೇಬೇಡಿ. ಹಸಿ ನೆಲದಲ್ಲಿ ಕಾಕ್ಸಿಡಿಯಾ ಎಂಬ ಕರುಳಿನ ಪರೋಪಜೀವಿ ಬೇಗ ಬೆಳೆಯುತ್ತದೆ. ಜಗಲಿಯಲ್ಲಿಟ್ಟು ಟ್ರೇಯಲ್ಲಿ ಗರಿಕೆ ಹುಲ್ಲು ಕೊಟ್ಟರಾಯಿತು. ಬೂಸಲು ಬಂದ ಉಮಿ ಹಾಸಬೇಡಿ, ಶ್ವಾಸಕೋಶಕ್ಕೆ ಶಿಲೀಂಧ್ರ ಹಿಡಿಯುತ್ತದೆ.

ಪ್ರಶ್ನೆ (ಸುರತ್ಕಲ್): ಅರ್ಜೆಂಟ್. ಈಗ ಒಂದು ಹೆಣ್ಣು ತಪ್ಪಿಸಿಕೊಂಡು ಪಕ್ಕದ ಹಿತ್ತಲಿಗೆ ಹೋಯಿತು. ಏನು ಮಾಡಲಿ?

ಉತ್ತರ (ಕ್ವೇಲ್ ಸಾಕಣೆದಾರರು): ಅಟ್ಟಬೇಡಿ, ನಾಯಿಯನ್ನು ಕಟ್ಟಿ. ಗಂಡನ್ನೂ ಇನ್ನೊಂದು ಹೆಣ್ಣನ್ನೂ ಜಾಲರಿ ಗೂಡಿನಲ್ಲಿ ಹಾಕಿ, ಅದು ಇಳಿದ ಜಾಗದ ಹತ್ತಿರ ನೆಲದ ಮೇಲಿಟ್ಟು ದೂರ ಬನ್ನಿ. ಇವು ಕೂಗಿದರೆ ಅದು ಉತ್ತರ ಕೊಡುತ್ತದೆ, ಸದ್ದು ಎಲ್ಲಿಂದ ಬಂತೆಂದು ಗುರುತಿಟ್ಟುಕೊಳ್ಳಿ. ಪಕ್ಕದಲ್ಲಿ ಖಾಲಿ ಪೆಟ್ಟಿಗೆಯನ್ನು ಬಾಯಿ ತೆರೆದಿಟ್ಟು ತಿನಿಸು ಚೆಲ್ಲಿ. ಕತ್ತಲಾಗುವ ತನಕ ಬರದಿದ್ದರೆ ಟಾರ್ಚ್ ಹಿಡಿದು ಹೋಗಿ. ಗೋಡೆಬುಡ, ಬಾಳೆಬುಡ, ಬಿದ್ದ ಸೋಗೆಯ ಅಡಿ ನೋಡಿ, ಅಲುಗಾಡದೆ ಕೂತಿರುತ್ತದೆ. ಕೈ ಹಾಕುವ ಮೊದಲು ಹಾವಿಲ್ಲವೆಂದು ಕೋಲಿನಿಂದ ಸೋಗೆ ಎತ್ತಿ ನೋಡಿ. ಮೇಲೆ ಬೈರಾಸು (ಟವೆಲ್) ಹಾಕಿ ಎರಡೂ ಕೈಯಲ್ಲಿ ರೆಕ್ಕೆ ಒತ್ತಿ ಹಿಡಿಯಿರಿ. ಇವತ್ತು ರಾತ್ರಿಯೇ ಹುಡುಕಿ, ನಾಳೆಗೆ ಬಿಟ್ಟರೆ ಸಿಗುವುದು ಕಷ್ಟ.

ಪ್ರಶ್ನೆ (ಸುರತ್ಕಲ್): ಸಿಕ್ಕಿತು ಮಾರ್ರೆ, ಬಸಳೆ ಚಪ್ಪರದ ಅಡಿ ಇತ್ತು. ಈಗಲೇ ಉಳಿದವುಗಳ ಜೊತೆ ಬಿಡಲಾ?

ಉತ್ತರ (ಪಶುವೈದ್ಯರು): ಗರಿ ಸರಿಸಿ ಹಲ್ಲಿನ ಗಾಯ ಇದೆಯಾ ನೋಡಿ. ಬೆಕ್ಕು ಕಚ್ಚಿದ್ದರೆ ಗಾಯ ಸೂಜಿಮೊನೆಯಷ್ಟೇ ಕಾಣುತ್ತದೆ, ಆದರೆ ಬೆಳಿಗ್ಗೆಯೊಳಗೆ ವೈದ್ಯರಿಗೆ ತೋರಿಸಬೇಕು. ಏನೂ ಇಲ್ಲದಿದ್ದರೆ ನೀರು ಕುಡಿಸಿ ಈಗಲೇ ಬಿಡಿ, ಕತ್ತಲಲ್ಲಿ ಸೇರಿಸಿದರೆ ಜಗಳ ಕಡಿಮೆ.