ಬಿಸಿಲಿನ ಕರೆಂಟು ‘ಅಸ್ಥಿರ’ವೋ, ‘ಚಂಚಲ’ವೋ, ‘ಏರಿಳಿತ’ದ್ದೋ?

ಬಲ್ಲವರಲ್ಲಿ ಒಂದು ವಿಚಾರಣೆ.

ಕುಮಟೆಯ ಸಹಕಾರಿ ಸಂಘವೊಂದಕ್ಕೆ ಚಾವಣಿ ಸೋಲಾರ್ ಕುರಿತ ಸಣ್ಣ ಕೈಪಿಡಿಯನ್ನು ಇಂಗ್ಲಿಷಿನಿಂದ ಕನ್ನಡಕ್ಕೆ ತರುತ್ತಿದ್ದೇನೆ. ‘ವೇರಿಯಬಲ್ ರಿನ್ಯೂವಬಲ್ ಎನರ್ಜಿ’ (ಬಿಸಿಲು, ಗಾಳಿಯಿಂದ ಹುಟ್ಟುವ, ಹೊತ್ತಿಗೆ ತಕ್ಕಂತೆ ಹೆಚ್ಚುಕಡಿಮೆಯಾಗುವ ವಿದ್ಯುತ್) ಎಂಬಲ್ಲಿ ಮೊದಲ ಪದಕ್ಕೇ ವಾರದಿಂದ ತಡೆದು ನಿಂತಿದ್ದೇನೆ. (ಎರಡನೆಯದಕ್ಕೆ ಪತ್ರಿಕೆಗಳು ‘ನವೀಕರಿಸಬಹುದಾದ’ ಎಂದು ರೂಢಿ ಮಾಡಿಬಿಟ್ಟಿವೆ. ಲೈಸೆನ್ಸಿಗೂ ನವೀಕರಣ, ಬಸ್‌ಸ್ಟ್ಯಾಂಡಿಗೂ ನವೀಕರಣ, ಬಿಸಿಲಿಗೂ ಅದೇ. ಈಗ ತಕರಾರು ತೆಗೆದು ಫಲವಿಲ್ಲ.)

ನನಗೆ ಸಿಕ್ಕ ಪದಗಳು ಇವು. ‘ಮಧ್ಯಂತರ’ವನ್ನು ಕೂಡಲೇ ಬಿಟ್ಟೆ. ಅದು ಕೋರ್ಟಿನ ಆದೇಶಕ್ಕೆ, ಬಜೆಟ್ಟಿಗೆ ಸೇರಿದ ಪದ. ಗಣಿತದ ಪುಸ್ತಕದಲ್ಲಿ ‘ಚರ’ ಇದೆ, ಆದರೆ ‘ಚರ ವಿದ್ಯುತ್’ ಎಂದರೆ ನಮ್ಮ ಕಡೆಯವರಿಗೆ ಚರಾಸ್ತಿ, ಸ್ಥಿರಾಸ್ತಿ ನೆನಪಾಗಿ ಇದನ್ನೂ ಉತಾರದಲ್ಲಿ ಬರೆಸಬೇಕೋ ಎಂದು ಕೇಳಿಯಾರು. ‘ಚಂಚಲ’ ಕಿವಿಗೆ ಹಿತವಾಗಿದೆ. ಸಂಸ್ಕೃತದಲ್ಲಿ ‘ಚಂಚಲಾ’ ಎಂದರೆ ಮಿಂಚೇ, ‘ವಿದ್ಯುತ್’ ಅಂದರೂ ಮಿಂಚೇ. ಹಾಗಾಗಿ ‘ಚಂಚಲ ವಿದ್ಯುತ್’ ಎಂದರೆ ಮಿಂಚಿನಂಥ ಮಿಂಚು ಎಂದಾಯಿತು! ಲಕ್ಷ್ಮಿಯೂ ಚಂಚಲೆ, ಸಬ್ಸಿಡಿ ಅಧ್ಯಾಯಕ್ಕೆ ಬೇಕಾದರೆ ಒಪ್ಪೀತು.

ಉಳಿದದ್ದು ‘ಅಸ್ಥಿರ’. ಬಹಳ ಜನ ಬಳಸುವುದು ಇದನ್ನೇ, ನನ್ನ ಜಗಳವೂ ಇದರ ಜೊತೆಗೇ. ಅಸ್ಥಿರ ಸರ್ಕಾರ, ಅಸ್ಥಿರ ಮನಸ್ಸು ಎನ್ನುವಾಗ ಯಾವಾಗ ಏನಾಗುತ್ತದೋ ಗೊತ್ತಿಲ್ಲ ಎಂಬ ಭಯ ಅದರಲ್ಲಿರುತ್ತದೆ. ಬಿಸಿಲು ಹಾಗಲ್ಲ. ಬೆಳಿಗ್ಗೆ ಏರಿ, ನಡುಹಗಲಿಗೆ ತುಂಬಿ, ಸಂಜೆ ದೀಪ ಹಾಕುವ ಹೊತ್ತಿಗೆ ಸೊನ್ನೆಯಾಗುತ್ತದೆ. ಜೂನ್ ಬಂತೆಂದರೆ ಕರಾವಳಿಯಲ್ಲಿ ಸೊರಗುತ್ತದೆ, ಮಳೆಗಾಲ ಕಳೆದ ಮೇಲೆ ಚೇತರಿಸಿಕೊಳ್ಳುತ್ತದೆ. ಇದಿಷ್ಟೂ ಮೊದಲೇ ಗೊತ್ತಿರುವ ಸಂಗತಿ. ಮೋಡವೊಂದು ಅಡ್ಡ ಬಂದಾಗಿನ ಜಿಗಿತ ಮಾತ್ರ ಬೇರೆ.

ಅಘನಾಶಿನಿ ನದಿಯ ಗಜನಿಯಲ್ಲಿ (ಉಪ್ಪುನೀರು ನುಗ್ಗುವ ಗದ್ದೆಯಲ್ಲಿ) ಕಗ್ಗ ಭತ್ತ ಬೆಳೆಯುವ ಹಿರಿಯರೊಬ್ಬರಿಗೆ ಇದನ್ನು ವಿವರಿಸಿದೆ. “ಭರತ, ಇಳಿತ ಇದ್ದ ಹಾಗೆ ಅಲ್ದ? ನೀರು ಏರ್ತದೆ, ಇಳೀತದೆ, ಅದಕ್ಕೆ ಅಸ್ಥಿರ ಅಂತ ಯಾರು ಹೇಳ್ತಾರೆ? ಹೊತ್ತು ನೋಡಿ ಬಾಗಿಲು ಹಾಕೂದು” ಎಂದರು. ಭರತ ಎಂದರೆ ಸಮುದ್ರದ ಉಬ್ಬರ. ಅದು ದಿನಕ್ಕೆ ಎರಡು ಬಾರಿ, ನಿನ್ನೆಗಿಂತ ಇವತ್ತು ಸುಮಾರು 50 ನಿಮಿಷ ತಡವಾಗಿ. ಅಮಾವಾಸ್ಯೆ, ಹುಣ್ಣಿಮೆಗೆ ಜೋರು. ಸ್ಮಾರ್ಟ್ ಗ್ರಿಡ್ (ಹೊತ್ತುಹೊತ್ತಿಗೆ ಅಳೆದು ಹೊಂದಿಸುವ ವಿದ್ಯುತ್ ಜಾಲ) ಮಾಡಬೇಕಾದ್ದೂ ಗಜನಿಯ ಆ ನೀರುಬಾಗಿಲು ಕಾಯುವವನ ಕೆಲಸವೇ. ಹುಟ್ಟುವ ವಿದ್ಯುತ್ತೂ ಖರ್ಚಾಗುವ ವಿದ್ಯುತ್ತೂ ಕ್ಷಣಕ್ಷಣಕ್ಕೂ ಸರಿತೂಗಬೇಕು, ಇಲ್ಲವಾದರೆ ಕರೆಂಟಿನ 50 ಹರ್ಟ್ಸಿನ (ಸೆಕೆಂಡಿಗೆ 50 ಆವರ್ತನದ) ಲಯ ತಪ್ಪುತ್ತದೆ.

ನಮ್ಮ ಜಿಲ್ಲೆಯಲ್ಲೇ ಹೋಲಿಕೆಗೆ ಎರಡು ಮಾದರಿಗಳಿವೆ. ಕೈಗಾ ಅಣುಸ್ಥಾವರದ 220 ಮೆಗಾವಾಟಿನ ನಾಲ್ಕು ಘಟಕಗಳು ಚಾಲೂ ಇದ್ದಾಗ ಹಗಲು ರಾತ್ರಿ ಒಂದೇ ಸಮ ಓಡುವಂಥವು. ಅದಕ್ಕೆ ‘ಸಮಹರಿವಿನ’ ಎಂದಿಟ್ಟುಕೊಂಡೆ. ಸೂಪಾ ಅಣೆಕಟ್ಟಿನಲ್ಲಿ ನಿಲ್ಲಿಸಿದ ಕಾಳಿ ನದಿಯ ನೀರನ್ನು ನಾಗಝರಿಯ ಜಲವಿದ್ಯುತ್ ಕೇಂದ್ರದಲ್ಲಿ ಬೇಕೆಂದಾಗ ಬಿಟ್ಟು, ಸಾಕೆಂದಾಗ ಕಟ್ಟಬಹುದು. ಅದು ‘ಕರೆದರೆ ಬರುವ’ ವಿದ್ಯುತ್. ಇವುಗಳ ಪಕ್ಕದಲ್ಲಿ ಕೂರಿಸಲು ಮೂರನೆಯದೊಂದು ಪದ ಬೇಕು: ಕರೆದರೆ ಬರದ, ಆದರೆ ತನ್ನ ಹೊತ್ತಿಗೆ ಬರುವ ವಿದ್ಯುತ್ತಿಗೆ.

‘ಏರಿಳಿತದ ವಿದ್ಯುತ್’ ಎಂದೇ ಬರೆದು ಮುಗಿಸುವವನಿದ್ದೆ. ಕರಡು ಓದಿದ ಪರಿಚಯದ ಲೈನ್‌ಮನ್ ಒಬ್ಬರು ತಡೆದರು. ಏರಿಳಿತ ಎಂದರೆ ಅವರಿಗೆ ವೋಲ್ಟೇಜಿನದು. ಅವರ ಮಾತು ಸರಿ, ಏಕೆಂದರೆ ಕೈಪಿಡಿಯಲ್ಲಿ ಅದೂ ಬರುತ್ತದೆ. ಟಿಸಿಯಿಂದ (ಟ್ರಾನ್ಸ್‌ಫಾರ್ಮರಿನಿಂದ) ದೂರದ ಲೈನಿನ ಕೊನೆಯಲ್ಲಿ ನಾಲ್ಕಾರು ಮನೆಗಳಲ್ಲಿ ಸೋಲಾರ್ ಇದ್ದು, ಮಧ್ಯಾಹ್ನ ಮನೆಯಲ್ಲಿ ಖರ್ಚಿಲ್ಲದಿದ್ದರೆ ಕರೆಂಟು ಉಲ್ಟಾ ಹರಿಯುತ್ತದೆ, ಆ ತುದಿಯ ವೋಲ್ಟೇಜು 230ನ್ನು ದಾಟಿ ಮೇಲೇರುತ್ತದೆ, ಮಿತಿ ಮೀರಿದರೆ ಸೋಲಾರಿನ ಇನ್ವರ್ಟರ್ ತಾನೇ ಬಂದ್ ಆಗುತ್ತದೆ. ಒಂದೇ ಪುಟದಲ್ಲಿ ಎರಡು ಏರಿಳಿತ ಬಂದರೆ ಓದುವವರು ಕೆಟ್ಟರು. (ಈ ಉಲ್ಟಾ ಹರಿವಿಗೆ ‘ಹಿನ್ನೀರು’ ಮಾದರಿಯಲ್ಲಿ ‘ಹಿನ್ನರಿವು’ ಎಂದು ಕಟ್ಟಿದ್ದೆ. ಮನೆಯವರು ಓದಿ “ಹಿಂದಿನಿಂದ ಬಂದ ಅರಿವಾ?” ಎಂದರು. ಹರಿದು ಹಾಕಿದೆ. ಈಗ ‘ಹಿಮ್ಮುಖ ಹರಿವು’.)

‘ಇಂಟಿಗ್ರೇಷನ್’ಗೆ ‘ಏಕೀಕರಣ’ ಬೇಡವೆಂದು ನನ್ನ ಹಟ. 1956ರ ತನಕ ಮುಂಬಯಿ ಪ್ರಾಂತಕ್ಕೆ ಸೇರಿದ್ದ ಜಿಲ್ಲೆಯವರಿಗೆ ಆ ಪದದ ತೂಕವೇ ಬೇರೆ. ‘ಗ್ರಿಡ್ಡಿಗೆ ಹೊಂದಿಸುವುದು’ ಎಂದರೆ ಸಾಕು.

ಸದ್ಯಕ್ಕೆ ಮನಸ್ಸು ವಾಲಿರುವುದು ‘ಹೊತ್ತಿನ ವಿದ್ಯುತ್’ ಎಂಬುದರ ಕಡೆಗೆ. ಹೊತ್ತು ಎಂದರೆ ವೇಳೆ, ಹೊತ್ತು ಮುಳುಗಿತು ಎನ್ನುವಾಗ ಸೂರ್ಯ. ಎರಡೂ ಅರ್ಥ ಇಲ್ಲಿ ದಕ್ಕುತ್ತವೆ. ಆದರೆ ಗಾಳಿಯಂತ್ರದ ವಿದ್ಯುತ್ ಇದರೊಳಗೆ ಕೂರುವುದೇ? ಗಾಳಿ ರಾತ್ರಿಯೂ ಬೀಸುತ್ತದಲ್ಲ. ದೋಣಿಯವರಲ್ಲಿ, ತೋಟಕ್ಕೆ ಸರದಿಯ ಮೇಲೆ ನೀರು ಬಿಡುವ ಶಿರಸಿ, ಸಿದ್ದಾಪುರದವರಲ್ಲಿ ‘ತನ್ನ ಹೊತ್ತಿಗೆ ತಾನು ಬರುವಂಥದು’ ಎಂಬರ್ಥದ ಆಡುಮಾತು ಇದ್ದರೆ ದಯವಿಟ್ಟು ತಿಳಿಸಿ. ಒಂದು ವಾಕ್ಯದಲ್ಲಿ ಬಳಸಿ ತೋರಿಸಿದರೆ ಇನ್ನೂ ಉಪಕಾರ.