ಎಸ್‌ಡಬ್ಲ್ಯೂಆರ್ ಚೆನ್ನಾಗಿದೆ, ಸಿಗ್ನಲ್ ಮಾತ್ರ ಇಲ್ಲ: ಹ್ಯಾಮ್ (ಹವ್ಯಾಸಿ) ರೇಡಿಯೋ ಪ್ರಶ್ನೋತ್ತರ

ಸದಸ್ಯ 1: ಸರ್, 40 ಮೀಟರ್ ಬ್ಯಾಂಡ್‌ನಲ್ಲಿ (ಸುಮಾರು 40 ಮೀಟರ್ ಉದ್ದದ ತರಂಗಗಳ ಪಟ್ಟಿ) ಬರೀ ಗರ್ ಅನ್ನೋ ಸದ್ದು. ಸಿಗ್ನಲ್ ಬಲ ತೋರಿಸುವ ಎಸ್ ಮೀಟರ್ 9ರಿಂದ ಕೆಳಗೆ ಇಳಿಯುವುದೇ ಇಲ್ಲ. ರೇಡಿಯೋ ಕೆಟ್ಟಿದೆಯಾ?

ಟೆಕ್ನಿಷಿಯನ್: ಆಂಟೆನಾ ಕಳಚಿ ನೋಡಿ. ಸದ್ದು ಬಿದ್ದುಹೋದರೆ ರೇಡಿಯೋ ಸರಿ ಇದೆ. ಆಮೇಲೆ ಆಂಟೆನಾ ಹಾಕಿ, ರೇಡಿಯೋವನ್ನು ಬ್ಯಾಟರಿಯಲ್ಲಿ ನಡೆಸಿ, ಮನೆಯ ಮೇನ್ ಸ್ವಿಚ್ ಆಫ್ ಮಾಡಿ. ಯುಪಿಎಸ್ ಇದ್ದರೆ ಅದನ್ನೂ. ಈಗ ಸದ್ದು ಇಳಿದರೆ ಕಾರಣ ಮನೆಯೊಳಗೇ ಇದೆ. ಒಂದೊಂದೇ ಎಂಸಿಬಿ ಆನ್ ಮಾಡುತ್ತಾ ಬನ್ನಿ. ಎಲ್‌ಇಡಿ ದೀಪವೋ ಚಾರ್ಜರೋ ಸಿಕ್ಕಿಬೀಳುತ್ತದೆ.

ಸದಸ್ಯ 2: ನಂದು 2 ಮೀಟರ್ ಬ್ಯಾಂಡ್. ಮಳೆಯಾದ ಮೇಲೆ ದೂರದ ರಿಪೀಟರ್ (ಸಿಗ್ನಲ್ ಹಿಡಿದು ಮತ್ತೆ ಪ್ರಸಾರ ಮಾಡುವ ಕೇಂದ್ರ) ಕೇಳಿಸುತ್ತಿಲ್ಲ. 15 ಮೀಟರ್ ಕೋಆಕ್ಸ್ (ಆಂಟೆನಾ ಕೇಬಲ್) ಇದೆ. ಎಸ್‌ಡಬ್ಲ್ಯೂಆರ್ (ಕಳಿಸಿದ ಪವರ್‌ನಲ್ಲಿ ಎಷ್ಟು ವಾಪಸ್ ಬರುತ್ತದೆ ಎಂದು ತೋರಿಸುವ ಅಂಕಿ, 1 ಇದ್ದರೆ ಏನೂ ವಾಪಸ್ ಇಲ್ಲ) ಮೊದಲು 1.8 ಇತ್ತು, ಈಗ 1.3. ಆಂಟೆನಾ ಸುಧಾರಿಸಿದೆ ಅಲ್ವಾ?

ಟೆಕ್ನಿಷಿಯನ್: ಇಲ್ಲ. ನನಗೆ ಚಿಂತೆ ಆಗಿರುವುದೇ ಆ 1.3 ನೋಡಿ. ಆಂಟೆನಾ ಮುಟ್ಟದೆ ಎಸ್‌ಡಬ್ಲ್ಯೂಆರ್ ಸುಮ್ನೆ ಇಳಿಯುವುದಿಲ್ಲ. ಕೇಬಲ್‌ಗೆ ನೀರು ಹೋಗಿರಬೇಕು. ಹೋಗುವ ಪವರ್ ದಾರಿಯಲ್ಲೇ ಬಿಸಿಯಾಗಿ ಕಳೆದುಹೋಗುತ್ತದೆ. ಆಂಟೆನಾದಿಂದ ವಾಪಸ್ ಬರುವುದೂ ಹಾಗೇ. ವಾಪಸ್ ಬರುವುದು ಕಡಿಮೆಯಾದರೆ ಮೀಟರ್ ಎಲ್ಲ ಚೆನ್ನಾಗಿದೆ ಎನ್ನುತ್ತದೆ. ಆದರೆ ಅದೇ ಕೇಬಲ್ ಆಂಟೆನಾ ಹಿಡಿದ ಸಿಗ್ನಲನ್ನೂ ನುಂಗುತ್ತದೆ.

ಹೀಗೆ ಮಾಡಿ. ಆಂಟೆನಾ ಕಡೆಯ ತುದಿ ಬಿಚ್ಚಿ ಹಾಗೇ ತೆರೆದಿಡಿ. ರೇಡಿಯೋ ಕಡೆಯ ತುದಿಗೆ ರೇಡಿಯೋ ಬದಲು ಆಂಟೆನಾ ಅನಲೈಸರ್ (ತಾನೇ ಸಣ್ಣ ಸಿಗ್ನಲ್ ಕಳಿಸಿ ಅಳೆಯುವ ಉಪಕರಣ) ಹಾಕಿ. ಟ್ರಾನ್ಸ್‌ಮಿಟ್ ಮಾಡಬೇಡಿ. ತೆರೆದ ತುದಿಯಿಂದ ಪವರ್ ಎಲ್ಲ ವಾಪಸ್ ಬರುತ್ತದೆ, ಹಾಗಾಗಿ ಕೇಬಲ್ ಒಳ್ಳೆಯದಿದ್ದರೆ ಎಸ್‌ಡಬ್ಲ್ಯೂಆರ್ ತುಂಬಾ ಮೇಲೆ ಹೋಗಬೇಕು. 3 ತೋರಿಸಿದರೆ ಅರ್ಧ ಪವರ್ ಕೇಬಲ್‌ನಲ್ಲೇ ಹೋಯಿತು ಅಂತ ಅರ್ಥ. ಆಮೇಲೆ ಆ ತುದಿಯಲ್ಲಿ ಗೇಣುದ್ದ ಹೊರಗಿನ ಕಪ್ಪು ಹೊದಿಕೆ ಸೀಳಿ. ಒಳಗಿನ ತಾಮ್ರದ ಜಾಲರಿ ಹೊಳೆಯಬೇಕು. ಕಪ್ಪಾಗಿದ್ದರೆ, ಹಸಿರು ಪುಡಿ ಕೂತಿದ್ದರೆ, ಒಣಗಿಸಿ ಪ್ರಯೋಜನವಿಲ್ಲ.

ಸದಸ್ಯ 3: ನನಗೂ ಗರ್ ಸದ್ದು ಸರ್. ಏನು ಮಾಡಲಿ?

ಟೆಕ್ನಿಷಿಯನ್: ಮೇಲೆ ಬರೆದಿದ್ದೇನೆ.

ಸದಸ್ಯ 4: ಒಂದು ಫಾರ್ವರ್ಡ್ ಬಂದಿದೆ. ರೇಡಿಯೋದ ಅರ್ಥ್ ತಂತಿಯನ್ನು ಪ್ಲಗ್‌ನ ನ್ಯೂಟ್ರಲ್‌ಗೆ ಸೇರಿಸಿದರೆ ಸದ್ದು ಪೂರ್ತಿ ಹೋಗುತ್ತದಂತೆ.

ಟೆಕ್ನಿಷಿಯನ್: ಮಾಡಲೇಬೇಡಿ! ವೈರಿಂಗ್ ಅದಲು ಬದಲಾಗಿದ್ದರೆ, ನ್ಯೂಟ್ರಲ್ ಎಲ್ಲೋ ಕಡಿದರೆ, ರೇಡಿಯೋದ ಮೈಗೇ ಕರೆಂಟ್ ಬರುತ್ತದೆ. ಮುಟ್ಟಿದವರ ಜೀವ ಹೋಗುತ್ತದೆ. ಇದನ್ನು ಇಲ್ಲಿ ಮೂರನೇ ಸಲ ನೋಡುತ್ತಿದ್ದೇನೆ. ಓದದೆ ಯಾಕೆ ಹಂಚುತ್ತೀರಿ? ಅಳಿಸಿ.

ಸದಸ್ಯ 5: ಮೊದಲು ಕೇಳಿದವರು ಪ್ರೀಆಂಪ್ (ಬಂದ ಸಿಗ್ನಲನ್ನು ಮೊದಲೇ ಹಿಗ್ಗಿಸುವ ಭಾಗ) ಆನ್ ಮಾಡಿ ನೋಡಿ. ಸಿಗ್ನಲ್ ಮೇಲೆ ಬರುತ್ತೆ.

ಸದಸ್ಯ 6: 40 ಮೀಟರ್‌ಗೆ ಪ್ರೀಆಂಪ್ ಯಾಕ್ರೀ? ಸದ್ದೂ ಅಷ್ಟೇ ಏರುತ್ತದೆ. ಆರ್‌ಎಫ್ ಗೇನ್ (ರೇಡಿಯೋ ಸಿಗ್ನಲ್ ಹಿಗ್ಗಿಸುವ ಮಟ್ಟ) ಇಳಿಸಬೇಕು.

ಸದಸ್ಯ 5: ನಾನು 10 ವರ್ಷದಿಂದ ಹಾಗೇ ಕೇಳುತ್ತಿದ್ದೇನೆ.

ಸದಸ್ಯ 6: 10 ವರ್ಷ ಮಾಡಿದ ಮಾತ್ರಕ್ಕೆ ತಪ್ಪು ಸರಿಯಾಗುತ್ತಾ?

ಸದಸ್ಯ 7: ಹೊಸಬರಿಗೆ ಯಾವ ರೇಡಿಯೋ ಒಳ್ಳೆಯದು ಸರ್?

ಸದಸ್ಯ 5: ಮಾತು ನೋಡಿಕೊಂಡು ಆಡಿ.

ಟೆಕ್ನಿಷಿಯನ್: ಪ್ರೀಆಂಪ್ ಬೇಡ. ಜಗಳವೂ ಸಾಕು.

ಸದಸ್ಯ 8: ಸರ್, ಗರ್ ಸದ್ದಿಗೆ ಏನು ಪರಿಹಾರ?

ಸದಸ್ಯ 2: ತುದಿ ತೆರೆದಿಟ್ಟು ನೋಡಿದೆ ಸರ್. 2.1 ಬಂತು. ಜಾಲರಿ ಪೂರ್ತಿ ಕಪ್ಪು, ಬೆರಳಿಗೆ ನೀರು ಹತ್ತಿತು.

ಟೆಕ್ನಿಷಿಯನ್: ಹಾಗಾದರೆ ಮೂರರಲ್ಲಿ ಒಂದು ಪಾಲು ಮಾತ್ರ ದಾಟುತ್ತಿದೆ. ಕೇಬಲ್ ಬದಲಿಸಿ. ಕನೆಕ್ಟರ್ ಮೇಲೆ ರಬ್ಬರ್ ಟೇಪ್ ಎಳೆದು ಬಿಗಿಯಾಗಿ ಸುತ್ತಿ. ಹೊಸ ಕೇಬಲನ್ನೂ ತುದಿ ತೆರೆದಿಟ್ಟು ಅಳೆದು, ಅಂಕಿ ಬರೆದಿಡಿ. ಮುಂದಿನ ಮಳೆ ಆದಮೇಲೆ ಮತ್ತೆ ಅಳೆಯಿರಿ.