ಸಿದ್ಧ ವಸ್ತುವಿಗೆ ಶೇ 20 ಸುಂಕ: ಕಾರ್ಖಾನೆಗೆ ನಿಜಕ್ಕೂ ದಕ್ಕುವುದೆಷ್ಟು?

ಪ್ರಶ್ನೆ: ಮುಕ್ತ ವ್ಯಾಪಾರ ಸರಿಯೋ ಸುಂಕ ಸರಿಯೋ ಎಂಬ ಜಗಳ ಒತ್ತಟ್ಟಿಗಿರಲಿ. ಆಮದಾಗುವ ಸಿದ್ಧ ವಸ್ತುವಿಗೆ ಶೇ 20 ಸುಂಕ ಹಾಕಿದರೆ ದೇಶದೊಳಗಿನ ತಯಾರಕರಿಗೆ ಶೇ 20 ರಕ್ಷಣೆ ಸಿಕ್ಕಿತು ಅಂತ ತಾನೇ?

ಉತ್ತರ (ಅರ್ಥಶಾಸ್ತ್ರ ಅಧ್ಯಾಪಕರು): ಅಲ್ಲ. ವಸ್ತುವಿನ ಅಂತರರಾಷ್ಟ್ರೀಯ ಬೆಲೆ 100, ಅದರೊಳಗೆ ಉಕ್ಕು, ಬಿಡಿಭಾಗಗಳದ್ದು 60 ಅಂದುಕೊಳ್ಳಿ. ಕೂಲಿ, ಬಡ್ಡಿ, ಲಾಭ ಎಲ್ಲಕ್ಕೂ ಉಳಿಯುವುದು 40. ಶೇ 20 ಸುಂಕ ಬಿದ್ದರೆ ಒಳಗಿನ ಬೆಲೆ 120ಕ್ಕೆ ಏರುತ್ತದೆ. ಬಿಡಿಭಾಗಗಳಿಗೆ ಸುಂಕವಿಲ್ಲದಿದ್ದರೆ 40 ಇದ್ದ ಉಳಿಕೆ 60 ಆಗುತ್ತದೆ. ಅಂದರೆ ನಿಜವಾದ ರಕ್ಷಣೆ ಶೇ 50. ಈಗ ಉಕ್ಕಿನವರು, ಬಿಡಿಭಾಗದವರು ಬಂದು ತಮ್ಮ ಸರಕಿಗೂ ಶೇ 40 ಹಾಕಿಸಿಕೊಂಡರೆ? ಖರ್ಚು 84, ಉಳಿಕೆ 36. ರಕ್ಷಣೆ ಮೈನಸ್ ಶೇ 10! ಕಾಗದದಲ್ಲಿ ಸುಂಕವಿದೆ, ಕಾರ್ಖಾನೆಗೆ ಮೊದಲಿಗಿಂತ ಕಡಿಮೆ. 2018ರಲ್ಲಿ ಅಮೆರಿಕ ಉಕ್ಕಿಗೆ ಶೇ 25 ಹಾಕಿದಾಗ ಉಕ್ಕು ಬಳಸುವ ಉದ್ಯಮಗಳು ಸಿಕ್ಕಿಬಿದ್ದದ್ದು ಇದೇ ಲೆಕ್ಕದಲ್ಲಿ. ಕೆಲಸಗಾರರು ಹೆಚ್ಚಿರುವುದೂ ಆ ಕಡೆಯೇ.

ಮರುಪ್ರಶ್ನೆ: ಆದರೆ ಸುಂಕ ಕಟ್ಟುವವರು ವಿದೇಶಿಯರಲ್ಲವೇ?

ಉತ್ತರ: ಬಂದರಿನಲ್ಲಿ ಕಟ್ಟುವವನು ಆಮದುದಾರ. ದೊಡ್ಡ ಮಾರುಕಟ್ಟೆಯ ದೇಶವಾದರೆ ವಿದೇಶಿ ಮಾರಾಟಗಾರ ಬೆಲೆ ಸ್ವಲ್ಪ ಇಳಿಸಬಹುದು. ಸಣ್ಣ ದೇಶಕ್ಕೆ ಆ ಭಾಗ್ಯವಿಲ್ಲ. ಅದೇ 2018ರಲ್ಲಿ ಅಮೆರಿಕ ವಾಷಿಂಗ್ ಮಷಿನ್‌ಗೆ ಸುಂಕ ಹಾಕಿತು. ಬೆಲೆ ಸುಮಾರು ಶೇ 12 ಏರಿತು. ಸುಂಕವೇ ಇಲ್ಲದ ಡ್ರೈಯರ್‌ ಬೆಲೆಯೂ ಹೆಚ್ಚುಕಡಿಮೆ ಅಷ್ಟೇ ಏರಿತು, ಯಾಕೆಂದರೆ ಅಲ್ಲಿ ಎರಡನ್ನೂ ಜೋಡಿಯಾಗಿ ಕೊಳ್ಳುತ್ತಾರೆ.

ಇನ್ನೊಬ್ಬರ ಪ್ರಶ್ನೆ: ಹಾಗಾದರೆ ಹೊಸ ಉದ್ಯಮಕ್ಕೂ ಆಸರೆ ಬೇಡವೇ?

ಉತ್ತರ (ಕಸ್ಟಮ್ಸ್ ಸಲಹೆಗಾರರು): ಬೇಕಾಗಬಹುದು. ಬಜೆಟ್ಟಿಗೆ ತಾಕತ್ತಿದ್ದರೆ ಸಹಾಯಧನವೇ ವಾಸಿ, ಗ್ರಾಹಕರ ಬೆಲೆ ಏರುವುದಿಲ್ಲ. ಸುಂಕವೇ ಆಗಬೇಕೆಂದರೆ ವರ್ಷವರ್ಷ ಇಳಿಯುವ ದರ, ಮುಗಿಯುವ ತಾರೀಕು ಎರಡೂ ಮೊದಲ ಅಧಿಸೂಚನೆಯಲ್ಲೇ ಇರಲಿ. ದಕ್ಷಿಣ ಕೊರಿಯಾ ಅಗ್ಗದ ಸಾಲ ಕೊಡುವಾಗ ರಫ್ತು ಎಷ್ಟಾಯಿತು ಎಂದು ನೋಡುತ್ತಿತ್ತು. ತಾರೀಕು ಇಲ್ಲದಿದ್ದರೆ ಏನಾಗುತ್ತದೆ? ಯುರೋಪು ಕೋಳಿಮಾಂಸಕ್ಕೆ ಸುಂಕ ಏರಿಸಿತೆಂದು ಅಮೆರಿಕ ಸೇಡಿಗೆ ಸಣ್ಣ ಟ್ರಕ್‌ಗಳ ಮೇಲೆ ಶೇ 25 ಹಾಕಿತು, 1964ರಿಂದ ಜಾರಿ. ಕೋಳಿ ಜಗಳ ಎಂದೋ ತಣ್ಣಗಾದರೂ ಸುಂಕ ದಶಕಗಟ್ಟಲೆ ಉಳಿಯಿತು. ಅದನ್ನು ತಪ್ಪಿಸಲು ಒಂದು ಕಂಪನಿ ಸರಕು ವ್ಯಾನ್‌ಗಳಿಗೆ ಹಿಂದಿನ ಸೀಟು ಜೋಡಿಸಿ, ಪ್ರಯಾಣಿಕ ವಾಹನವೆಂದು ಶೇ 2.5 ಕಟ್ಟಿ, ಬಂದರು ದಾಟಿದ ಮೇಲೆ ಸೀಟು ಕಿತ್ತು ಹಾಕುತ್ತಿತ್ತು.